ದಾಖಲೆಯ ಮೌನ, ನೆಲದ ಸಾಕ್ಷ್ಯ: ೧೭೦೦ರ ಕ್ಯಾಸ್ಕೇಡಿಯಾ ಭೂಕಂಪದ ಕಾಲನಿರ್ಣಯ

೧

ಲಿಖಿತ ಆಧಾರವಿಲ್ಲದೆ ಇತಿಹಾಸವಿಲ್ಲವೆಂಬುದು ನಮ್ಮ ಶಾಸ್ತ್ರದ ಮೊದಲನೆಯ ಪಾಠ. ಪಾಠವೇನೋ ಸರಿಯಾದುದೇ. ಆದರೆ ಅದನ್ನೇ ತಿರುಗಿಸಿ, ಲಿಖಿತ ಆಧಾರವಿಲ್ಲದ ಸಂಗತಿ ನಡೆಯಲೇ ಇಲ್ಲವೆಂದು ಭಾವಿಸುವ ಪ್ರಮಾದವೂ ವಿದ್ವಾಂಸರಲ್ಲಿ ವಿರಳವಲ್ಲ. ಒಂದು ರಾಜವಂಶದ ವಿಷಯದಲ್ಲಿ ಇಂಥ ಪ್ರಮಾದ ಸಂಭವಿಸಿದರೆ ಗ್ರಂಥದ ಒಂದು ಅಧ್ಯಾಯ ತಪ್ಪಾದೀತು. ಮುಂದಿನ ಸಂಶೋಧಕರು ಅದನ್ನು ತಿದ್ದಿಯಾರು. ಭೂಕಂಪದ ವಿಷಯದಲ್ಲಿ ಸಂಭವಿಸಿದರೆ ಮನೆಗಳೂ ಶಾಲೆಗಳೂ ಸೇತುವೆಗಳೂ ತಪ್ಪು ಲೆಕ್ಕದ ಮೇಲೆ ನಿಲ್ಲುತ್ತವೆ. ಅಲ್ಲಿ ತಿದ್ದುಪಡಿಯನ್ನು ಮಾಡುವುದು ಸಂಶೋಧಕರಲ್ಲ, ಭೂಮಿಯೇ.

ಇದಕ್ಕೆ ಉತ್ತಮ ನಿದರ್ಶನವೊಂದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ದೊರೆಯುತ್ತದೆ. ಕೆನಡಾ ದೇಶದ ವ್ಯಾಂಕೂವರ್ ದ್ವೀಪದಿಂದ ತೊಡಗಿ, ಅಮೆರಿಕ ಸಂಯುಕ್ತ ಸಂಸ್ಥಾನಗಳ ವಾಷಿಂಗ್ಟನ್ ಮತ್ತು ಒರೆಗಾನ್ ರಾಜ್ಯಗಳನ್ನು ಹಾದು, ಕ್ಯಾಲಿಫೋರ್ನಿಯಾದ ಉತ್ತರ ಭಾಗದವರೆಗೆ ಸುಮಾರು ಒಂದು ಸಾವಿರ ಕಿಲೋಮೀಟರು ಉದ್ದಕ್ಕೆ ಹಬ್ಬಿದ ಈ ಪ್ರದೇಶಕ್ಕೆ ಭೂವಿಜ್ಞಾನಿಗಳು ಕ್ಯಾಸ್ಕೇಡಿಯಾ ಎಂದು ಹೆಸರಿಟ್ಟಿದ್ದಾರೆ. ಯೂರೋಪಿನ ನಾವಿಕರು ಈ ತೀರವನ್ನು ಕಂಡು ಬರೆದಿಟ್ಟದ್ದು ಮುಖ್ಯವಾಗಿ ಹದಿನೆಂಟನೆಯ ಶತಮಾನದ ಕೊನೆಯ ಪಾದದಲ್ಲಿ. ಸ್ಪೇನಿನ ಹ್ವಾನ್ ಪೆರೆಸ್ ೧೭೭೪ರಲ್ಲಿಯೂ ಇಂಗ್ಲೆಂಡಿನ ಜೇಮ್ಸ್ ಕುಕ್ ೧೭೭೮ರಲ್ಲಿಯೂ ಅಲ್ಲಿಗೆ ಹೋದರು. ಅಂದಿನಿಂದ ಇಂದಿನವರೆಗೆ ಈ ತೀರದ ಮುಖ್ಯ ಸ್ತರಭಂಗದ ಮೇಲೆ ಮಹಾಭೂಕಂಪವೊಂದು ನಡೆದ ದಾಖಲೆಯಿಲ್ಲ. ಆದುದರಿಂದ ಇಲ್ಲಿ ಮಹಾಭೂಕಂಪ ಸಂಭವಿಸುವುದೇ ಇಲ್ಲವೆಂಬ ಅಭಿಪ್ರಾಯವು ೧೯೮೦ರ ದಶಕದವರೆಗೂ ಪ್ರಬಲವಾಗಿತ್ತು. ಈ ಅಭಿಪ್ರಾಯ ಹೇಗೆ ಬಿದ್ದುಹೋಯಿತು, ಭೂವಿಜ್ಞಾನಿಗಳೂ ಸಸ್ಯವಿಜ್ಞಾನಿಗಳೂ ದಫ್ತರಗಳನ್ನು ಓದುವವರೂ ಸೇರಿ ಬರಹವಿಲ್ಲದ ನಾಡಿನ ಒಂದು ಘಟನೆಗೆ ವರ್ಷ, ತಿಂಗಳು, ದಿನ, ಗಂಟೆಗಳನ್ನು ಹೇಗೆ ಗೊತ್ತುಪಡಿಸಿದರು ಎಂಬುದೇ ಈ ಲೇಖನದ ವಿಷಯ.

೨

ಮೊದಲು ಭೂಕಂಪದ ಕಾರಣವನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. ಭೂಮಿಯ ಹೊರಪದರವು ಅಖಂಡವಾದುದಲ್ಲ. ಮಂದಗತಿಯಲ್ಲಿ ಚಲಿಸುವ ಹಲವು ಮಹಾಫಲಕಗಳಾಗಿ ಅದು ಒಡೆದಿದೆ. ಶಿಲಾಸ್ತರಗಳು ಬಿರುಕಿನ ಎರಡು ಪಕ್ಕಗಳಲ್ಲಿ ಒಂದನ್ನೊಂದು ಉಜ್ಜಿಕೊಂಡು ಸರಿದಿರುವ ಎಡೆಗೆ ಸ್ತರಭಂಗವೆಂದು ಹೆಸರು. ೧೯೦೬ರ ಸಾನ್ ಫ್ರಾನ್ಸಿಸ್ಕೊ ಭೂಕಂಪವನ್ನು ಪರಿಶೀಲಿಸಿದ ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿಯು, ಸ್ತರಭಂಗದ ಎರಡು ಪಕ್ಕಗಳು ಘರ್ಷಣೆಯಿಂದ ಕಚ್ಚಿಕೊಂಡು ನಿಂತಿರುವಾಗ ಸುತ್ತಲಿನ ಶಿಲೆಯು ಬಿಲ್ಲಿನಂತೆ ಬಾಗುತ್ತ ಹೋಗುವುದೆಂದೂ, ಹಿಡಿತ ತಪ್ಪಿದ ಕ್ಷಣದಲ್ಲಿ ಅದು ಥಟ್ಟನೆ ನೆಟ್ಟಗಾಗುವುದೇ ಭೂಕಂಪವೆಂದೂ ೧೯೧೦ರಲ್ಲಿ ವಿವರಿಸಿದನು. ಭೂಕಂಪಗಳನ್ನು ಕುರಿತ ಇಂದಿನ ವಿಚಾರಕ್ಕೂ ಇದೇ ತಳಹದಿ.

ಕ್ಯಾಸ್ಕೇಡಿಯಾದಲ್ಲಿ ಹ್ವಾನ್ ಡಿ ಫೂಕಾ ಎಂಬ ಸಾಗರ ಫಲಕವು ಉತ್ತರ ಅಮೆರಿಕ ಫಲಕದ ಕೆಳಕ್ಕೆ ವರ್ಷಕ್ಕೆ ಮೂರು ನಾಲ್ಕು ಸೆಂಟಿಮೀಟರಿನಂತೆ ನುಗ್ಗುತ್ತಿದೆ. ಎರಡು ಫಲಕಗಳು ಕೂಡುವ ಎಡೆ ಕಚ್ಚಿಕೊಂಡಿದ್ದರೆ ಮೇಲಿನ ಫಲಕದ ಅಂಚು ಒಳಕ್ಕೆ ಒತ್ತಲ್ಪಟ್ಟು ಕರಾವಳಿಯ ನೆಲ ಮೆಲ್ಲಮೆಲ್ಲನೆ ಮೇಲಕ್ಕೆ ಉಬ್ಬುತ್ತದೆ. ಹಿಡಿತ ತಪ್ಪಿದೊಡನೆ ಫಲಕದ ತುದಿ ಸಮುದ್ರದ ಕಡೆಗೆ ಚಿಮ್ಮುತ್ತದೆ, ಸಮುದ್ರತಳ ಮೇಲೇಳುತ್ತದೆ, ಉಬ್ಬಿದ್ದ ಕರಾವಳಿ ಕುಸಿಯುತ್ತದೆ. ಎದ್ದ ಸಮುದ್ರತಳವು ತನ್ನ ಮೇಲಿನ ನೀರನ್ನೆಲ್ಲ ಎತ್ತುವುದರಿಂದ ಸುನಾಮಿ ಹುಟ್ಟುತ್ತದೆ. ೧೯೬೦ರ ಚಿಲಿ, ೧೯೬೪ರ ಅಲಾಸ್ಕ, ೨೦೦೪ರ ಸುಮಾತ್ರ ಭೂಕಂಪಗಳು ಇದೇ ಜಾತಿಯವು. ಅವುಗಳ ಪ್ರಮಾಣ ಒಂಬತ್ತನ್ನು ಮೀರಿತ್ತು. ಪ್ರಮಾಣದ ಅಂಕಿ ಒಂದು ಹೆಚ್ಚಾದರೆ ಹೊರಬೀಳುವ ಶಕ್ತಿ ಸುಮಾರು ೩೨ ಪಟ್ಟು ಹೆಚ್ಚುತ್ತದೆಂಬುದನ್ನು ಇಲ್ಲಿ ನೆನಪಿಡಬೇಕು.

ಈ ಬಗೆಯ ಇತರ ತೀರಗಳೊಡನೆ ಕ್ಯಾಸ್ಕೇಡಿಯಾವನ್ನು ಹೋಲಿಸಿದ ಥಾಮಸ್ ಹೀಟನ್ ಮತ್ತು ಹಿರೂ ಕನಮೋರಿ ಎಂಬ ವಿದ್ವಾಂಸರು, ಇಲ್ಲಿನ ಮೌನವು ನಿರುಪದ್ರವದ ಲಕ್ಷಣವಾಗಿರದೆ ಕಚ್ಚಿಕೊಂಡ ಸ್ತರಭಂಗದ ಲಕ್ಷಣವಾಗಿರಬಹುದೆಂದು ೧೯೮೪ರಲ್ಲಿ ಸೂಚಿಸಿದರು. ಆದರೆ ಇದು ಹೋಲಿಕೆಯಿಂದ ಬಂದ ಊಹೆ. ನಿಜವಾಗಿಯೂ ಅಂಥ ಭೂಕಂಪ ಎಂದಾದರೂ ನಡೆದಿತ್ತೆಂಬುದಕ್ಕೆ ಸಾಕ್ಷ್ಯ ಬೇಕಾಗಿತ್ತು.

೩

ಸಾಕ್ಷ್ಯವು ಜೌಗು ನೆಲದಲ್ಲಿ ದೊರೆಯಿತು. ಬ್ರಯನ್ ಆಟ್‌ವಾಟರ್ ಎಂಬ ಭೂವಿಜ್ಞಾನಿಯು ೧೯೮೬ರಲ್ಲಿ ವಾಷಿಂಗ್ಟನ್ ರಾಜ್ಯದ ಕರಾವಳಿಯ ಅಳಿವೆಗಳಲ್ಲಿ ದೋಣಿಯಿಂದಿಳಿದು ದಡದ ಮಣ್ಣನ್ನು ಕೆರೆದು ನೋಡುತ್ತ ಹೋದನು. ಇಂದಿನ ಜೌಗಿನ ಕೆಳಗೆ ಭರತದ ನೀರು ತಂದಿಟ್ಟ ಕೆಸರು. ಕೆಸರಿನ ಕೆಳಗೆ ತೆಳುವಾದ ಮರಳಿನ ಹಾಸು. ಅದರ ಕೆಳಗೆ ಹುಲ್ಲಿನ ಬೇರುಗಳು ಇನ್ನೂ ಉಳಿದಿರುವ ಹಳೆಯ ಜೌಗಿನ ಕಪ್ಪು ಮಣ್ಣು. ಒಂದು ಕಾಲದಲ್ಲಿ ನೀರಿನ ಮೇಲಿದ್ದ ನೆಲವು ಹಠಾತ್ತಾಗಿ ಕುಸಿದು, ಅದರ ಮೇಲೆ ಸಮುದ್ರವು ಮರಳನ್ನು ಹರಡಿ, ಆ ಬಳಿಕ ದಿನದಿನದ ಉಬ್ಬರವಿಳಿತವು ಕೆಸರನ್ನು ತುಂಬಿತೆಂಬುದು ಈ ಸ್ತರಗಳ ಅರ್ಥ. ನೆಲ ಮೆಲ್ಲನೆ ಕುಸಿದಿದ್ದರೆ ಹಳೆಯ ಮಣ್ಣಿಗೂ ಕೆಸರಿಗೂ ನಡುವೆ ಗೆರೆ ಕೊರೆದಂಥ ಸ್ಪಷ್ಟವಾದ ಎಲ್ಲೆಯಿರುತ್ತಿರಲಿಲ್ಲ. ೧೯೬೪ರಲ್ಲಿ ಅಲಾಸ್ಕದ ಕರಾವಳಿ ಕುಸಿದಾಗ ಅಲ್ಲಿಯೂ ಜೌಗು ನೆಲ ಹೀಗೆಯೇ ಹೂತುಹೋಗಿ, ಮರಗಳು ಉಪ್ಪುನೀರಿನಲ್ಲಿ ನಿಂತಲ್ಲಿಯೇ ಸತ್ತದ್ದು ಹೋಲಿಕೆಗೆ ಒದಗಿತು. ಆಟ್‌ವಾಟರನ ಲೇಖನ ೧೯೮೭ರಲ್ಲಿ ಪ್ರಕಟವಾಯಿತು. ಅನಂತರ ಒರೆಗಾನಿನ ಸಾಮನ್ ನದಿಯ ಅಳಿವೆಯಲ್ಲಿ ಅಲ್ಲಿನ ಮೂಲನಿವಾಸಿಗಳು ಬೆಂಕಿ ಮಾಡುತ್ತಿದ್ದ ಒಲೆಗುಂಡಿಗಳೂ ಅಂಥದೇ ಮರಳಿನ ಕೆಳಗೆ ಕಂಡುಬಂದವು. ಕುಸಿದದ್ದು ನಿರ್ಜನವಾದ ತೀರವಾಗಿರಲಿಲ್ಲ.

ಇದೆಲ್ಲ ನಡೆದದ್ದು ಎಂದು? ಸತ್ತ ಗಿಡಗಳಲ್ಲಿನ ವಿಕಿರಣಶೀಲ ಇಂಗಾಲವನ್ನು ಅಳೆದಾಗ ಘಟನೆಯು ೧೬೯೫ರಿಂದ ೧೭೨೦ರ ಒಳಗಿನದೆಂದು ತೋರಿತು. ಇದಕ್ಕಿಂತ ಸೂಕ್ಷ್ಮವಾದ ಲೆಕ್ಕಕ್ಕೆ ಮರಗಳೇ ಆಧಾರ. ಕೋಪಾಲಿಸ್ ಎಂಬ ನದಿಯ ದಡದಲ್ಲಿ ದೇವದಾರು ಜಾತಿಯ ಮರಗಳು ಬೂದುಬಣ್ಣದ ಕಂಬಗಳಂತೆ ಸತ್ತು ನಿಂತಿವೆ. ಜನರು ಇದನ್ನು ಪ್ರೇತವನವೆಂದೇ ಕರೆಯುತ್ತಾರೆ. ಮರದ ಬೆಳವಣಿಗೆಯ ಉಂಗುರಗಳು ಮಳೆ ಚಳಿಗಳಿಗೆ ಅನುಸಾರವಾಗಿ ಅಗಲವಾಗಿಯೋ ಕಿರಿದಾಗಿಯೋ ಇರುವುದರಿಂದ, ಅದೇ ಪ್ರದೇಶದ ಬದುಕಿರುವ ಮುದಿ ಮರಗಳ ಉಂಗುರಗಳೊಡನೆ ಹೊಂದಿಸಿ ಪ್ರತಿಯೊಂದಕ್ಕೂ ವರ್ಷವನ್ನು ಹೇಳಬಹುದು. ಸತ್ತ ಮರಗಳ ಕಾಂಡದ ಹೊರಭಾಗ ಗಾಳಿ ಮಳೆಗಳಿಂದ ಸವೆದುಹೋಗಿತ್ತು. ಮಣ್ಣಿನೊಳಗಿನ ಬೇರುಗಳಲ್ಲಿ ಮಾತ್ರ ತೊಗಟೆಯವರೆಗಿನ ಕೊನೆಯ ಉಂಗುರ ಉಳಿದಿತ್ತು. ಡೇವಿಡ್ ಯಮಗುಚಿ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ ೧೯೯೭ರಲ್ಲಿ ಪ್ರಕಟಿಸಿದ ನಿರ್ಣಯವಿದು: ಕೊನೆಯ ಉಂಗುರ ೧೬೯೯ನೆಯ ವರ್ಷದ್ದು. ೧೭೦೦ರ ವಸಂತದ ಬೆಳವಣಿಗೆ ತೊಡಗುವ ಮೊದಲೇ ಮರಗಳು ಸತ್ತಿದ್ದುವು.

೪

ಈ ಫಲಿತಾಂಶ ಹೊರಬೀಳುವುದಕ್ಕೆ ಒಂದು ವರ್ಷ ಮುಂಚೆಯೇ, ೧೯೯೬ರಲ್ಲಿ, ಜಪಾನಿನ ಕೆಂಜಿ ಸಾಟಾಕೆ ಮತ್ತು ಸಹೋದ್ಯೋಗಿಗಳು ಶಾಂತಸಾಗರದ ಆಚೆಯ ದಡದ ಬರಹಗಳಿಂದ ಒಂದು ತಾರೀಖನ್ನು ಸೂಚಿಸಿದ್ದರು. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಭಾಗ ವಿಶೇಷವಾಗಿ ಮನನೀಯ.

ಜಪಾನಿನಲ್ಲಿ ಗೆನ್‌ರೋಕು ಎಂಬ ಶಕೆಯ ಹನ್ನೆರಡನೆಯ ವರ್ಷ, ಹನ್ನೆರಡನೆಯ ತಿಂಗಳಿನ ಎಂಟನೆಯ ದಿನದ ರಾತ್ರಿ ಪೂರ್ವ ಕರಾವಳಿಯ ಹಲವು ಊರುಗಳಿಗೆ ಸಮುದ್ರ ನುಗ್ಗಿತು. ಕುವಗಸಾಕಿ ಎಂಬ ಹಳ್ಳಿಯಲ್ಲಿ ನೀರು ೧೩ ಮನೆಗಳನ್ನು ನಾಶಮಾಡಿತು. ಆಗ ಎದ್ದ ಬೆಂಕಿಯಲ್ಲಿ ಮತ್ತೆ ೨೦ ಮನೆಗಳು ಸುಟ್ಟುಹೋದವು. ನಾಕಾಮಿನಾತೊ ಎಂಬಲ್ಲಿ ಅಕ್ಕಿ ತುಂಬಿದ ಹಡಗೊಂದು ಒಡೆದು ಇಬ್ಬರು ನಾವಿಕರು ಸತ್ತರು. ಮಿಹೋ ಎಂಬ ಹಳ್ಳಿಯ ಮುಖ್ಯಸ್ಥನು, ನೀರು ಭರತದಂತೆ ಮತ್ತೆ ಮತ್ತೆ ಏರಿ ಇಳಿಯುತ್ತಿದ್ದುದನ್ನು ಕಂಡು ವೃದ್ಧರನ್ನೂ ಮಕ್ಕಳನ್ನೂ ದೇವಸ್ಥಾನಕ್ಕೆ ಕಳುಹಿಸಿದುದನ್ನು ಬರೆದಿಟ್ಟಿದ್ದಾನೆ. ಭೂಮಿ ನಡುಗದೆಯೇ ಇಂಥ ನೀರು ಬಂದುದು ಅವನಿಗೆ ಆಶ್ಚರ್ಯವನ್ನುಂಟುಮಾಡಿತು. ಆ ಆಶ್ಚರ್ಯವನ್ನು ಬಚ್ಚಿಡದೆ ಬರೆದದ್ದರಿಂದಲೇ ಅವನ ಬರಹ ಮೂರು ಶತಮಾನಗಳ ತರುವಾಯ ಬೆಲೆಯುಳ್ಳದ್ದಾಯಿತು. ಈ ಬರಹಗಳನ್ನು ಬರೆದವರು ಹಳ್ಳಿಯ ಮುಖ್ಯರು, ವರ್ತಕರು, ಪ್ರಾಂತಾಧಿಕಾರಿಗಳ ಲೆಕ್ಕಿಗರು. ನಮ್ಮ ಶ್ಯಾನುಭೋಗರ ಕಡತಗಳ ಹಾಗೆ, ಅವು ದಿನದಿನದ ಆಡಳಿತಕ್ಕಾಗಿ ಬರೆದವೇ ಹೊರತು ಇತಿಹಾಸಕ್ಕಾಗಿ ಬರೆದವಲ್ಲ.

ಶಾಸನಗಳ ಶಕವರ್ಷ, ಸಂವತ್ಸರ, ಮಾಸ, ತಿಥಿಗಳನ್ನು ಇಂಗ್ಲಿಷ್ ತಾರೀಖಿಗೆ ತರುವ ಅಭ್ಯಾಸವುಳ್ಳವರಿಗೆ ಇಲ್ಲಿನ ಒಂದು ತೊಡಕು ಸುಲಭವಾಗಿ ತಿಳಿಯುತ್ತದೆ. ಗೆನ್‌ರೋಕು ಹನ್ನೆರಡನೆಯ ವರ್ಷವೆಂದರೆ ಸ್ಥೂಲವಾಗಿ ೧೬೯೯. ಆದರೆ ಚಾಂದ್ರಮಾನದ ಕೊನೆಯ ತಿಂಗಳು ಮುಂದಿನ ಇಂಗ್ಲಿಷ್ ವರ್ಷಕ್ಕೆ ಚಾಚಿಕೊಳ್ಳುತ್ತದೆ. ನಮ್ಮಲ್ಲಿಯೂ ಪುಷ್ಯ ಮಾಘಗಳ ತಿಥಿಗಳಿಗೆ ಶಕವರ್ಷಕ್ಕೆ ೭೮ನ್ನು ಮಾತ್ರ ಕೂಡಿಸಿದರೆ ಒಂದು ವರ್ಷದ ತಪ್ಪು ಸಂಭವಿಸುವುದುಂಟು. ಸರಿಯಾಗಿ ಲೆಕ್ಕಹಾಕಿದರೆ ಮೇಲ್ಕಂಡ ದಿನ ೧೭೦೦ನೆಯ ಜನವರಿ ೨೭ ಆಗುತ್ತದೆ.

ಸಮೀಪದಲ್ಲಿ ಭೂಕಂಪವಿಲ್ಲದೆ ಬಂದ ಸುನಾಮಿಗೆ ಅನಾಥ ಸುನಾಮಿಯೆಂದು ಹೆಸರು. ಅದರ ಹುಟ್ಟು ದೂರದಲ್ಲಿರಬೇಕು. ಶಾಂತಸಾಗರದ ಸುತ್ತಣ ತೀರಗಳನ್ನು ಸಾಟಾಕೆಯವರು ಒಂದೊಂದಾಗಿ ಪರಿಶೀಲಿಸಿದರು. ದಕ್ಷಿಣ ಅಮೆರಿಕದಲ್ಲಿ ಆ ಕಾಲಕ್ಕೆ ಸ್ಪ್ಯಾನಿಷ್ ದಾಖಲೆಗಳಿವೆ. ಅವುಗಳಲ್ಲಿ ಈ ದಿನಕ್ಕೆ ಹೊಂದುವ ಮಹಾಭೂಕಂಪ ಕಾಣುವುದಿಲ್ಲ. ಬರಹ ಬಳಕೆಯಲ್ಲಿದ್ದ ನಾಡಿನ ಮೌನವು ಸಾಕ್ಷ್ಯವಾಗಬಲ್ಲುದು. ಬರಹವೇ ಇರದಿದ್ದ ನಾಡಿನ ಮೌನ ಸಾಕ್ಷ್ಯವಾಗಲಾರದೆಂಬ ಭೇದವನ್ನು ವಾಚಕರು ಇಲ್ಲಿ ಗಮನಿಸಬೇಕು. ಕೊನೆಗೆ ಕ್ಯಾಸ್ಕೇಡಿಯಾದ ತೀರವೇ ಅತ್ಯಂತ ಸಂಭಾವ್ಯವೆಂದು ತೋರಿತು. ಸುನಾಮಿಯು ಸಾಗರವನ್ನು ದಾಟಲು ಸುಮಾರು ಹತ್ತು ಗಂಟೆ ಬೇಕು. ಹಿಂದಕ್ಕೆ ಎಣಿಸಿದರೆ ಭೂಕಂಪ ನಡೆದದ್ದು ಆ ತೀರದ ಕಾಲಮಾನದಲ್ಲಿ ೧೭೦೦ನೆಯ ಜನವರಿ ೨೬ರ ರಾತ್ರಿ ಸುಮಾರು ಒಂಬತ್ತು ಗಂಟೆಗೆ. ಅಲೆಗಳ ಎತ್ತರದಿಂದ ಪ್ರಮಾಣವು ಒಂಬತ್ತರ ಆಸುಪಾಸಿನಲ್ಲಿತ್ತೆಂದು ಎಣಿಸಲಾಗಿದೆ. ಮರುವರ್ಷ ಹೊರಬಿದ್ದ ಮರದ ಬೇರುಗಳ ಸಾಕ್ಷ್ಯವು ಇದಕ್ಕೆ ಸರಿಯಾಗಿ ಹೊಂದಿತು. ಒಂದನ್ನೊಂದು ಆಶ್ರಯಿಸದ ಎರಡು ಪ್ರಮಾಣಗಳು ಒಂದೇ ಚಳಿಗಾಲವನ್ನು ತೋರಿಸಿದುದು ನಿರ್ಣಯಕ್ಕೆ ಬಲವನ್ನು ಕೊಟ್ಟಿತು.

ಮೂರನೆಯದಾದ ಒಂದು ಆಧಾರವೂ ಉಂಟು. ಅದು ಆ ತೀರದ ಮೂಲನಿವಾಸಿಗಳ ಮೌಖಿಕ ಪರಂಪರೆ. ಗುಡುಗಿನ ಹಕ್ಕಿಗೂ ತಿಮಿಂಗಿಲಕ್ಕೂ ನಡೆದ ಕಾಳಗದಲ್ಲಿ ನೆಲ ನಡುಗಿ ನೀರು ಏರಿತೆಂಬ ಕಥೆಗಳು ಹಲವು ಬುಡಕಟ್ಟುಗಳಲ್ಲಿವೆ. ವ್ಯಾಂಕೂವರ್ ದ್ವೀಪದ ಪಚೀನಾ ಕೊಲ್ಲಿಯಲ್ಲಿದ್ದ ಒಂದು ಊರು ರಾತ್ರಿಯ ಹೊತ್ತಿನಲ್ಲಿ ಭೂಮಿ ನಡುಗಿದ ಮೇಲೆ ಬಂದ ನೀರಿನಲ್ಲಿ ಕೊಚ್ಚಿಹೋಯಿತೆಂದೂ, ಎತ್ತರದಲ್ಲಿದ್ದವರು ಉಳಿದರೆಂದೂ ಅಲ್ಲಿನ ಹಿರಿಯರೊಬ್ಬರು ೧೯೬೪ರಲ್ಲಿ ಹೇಳಿದ್ದು ಬರಹಕ್ಕಿಳಿದಿದೆ. ಮೌಖಿಕ ಕಥನದಿಂದ ಮಾತ್ರವೇ ತಾರೀಖನ್ನು ಕಟ್ಟಲಾಗದು. ಆದರೂ ‘ರಾತ್ರಿಯ ಹೊತ್ತು’ ಎಂಬ ಒಂದು ವಿವರವು ಜಪಾನಿನ ಕಡತಗಳಿಂದ ಬಂದ ಲೆಕ್ಕದೊಡನೆ ಹೊಂದುತ್ತದೆ. ಆ ಜನರ ಮಾತನ್ನು ಬಹುಕಾಲ ಯಾರೂ ಸಾಕ್ಷ್ಯವೆಂದು ಎಣಿಸಲಿಲ್ಲವೆಂಬುದು ನಮ್ಮ ಶಾಸ್ತ್ರಕ್ಕೂ ಎಚ್ಚರಿಕೆಯಾಗಿದೆ.

೫

ಇಷ್ಟರಿಂದ ವಿಚಾರ ಮುಗಿಯಲಿಲ್ಲ. ಭೂಕಂಪದ ಕಾಲದಲ್ಲಿ ಸಮುದ್ರದೊಳಗಿನ ಇಳಿಜಾರುಗಳಿಂದ ಜಾರಿದ ಮೆಕ್ಕಲು ಆಳದಲ್ಲಿ ಪದರಪದರವಾಗಿ ನಿಲ್ಲುತ್ತದೆ. ಇವನ್ನು ಪರೀಕ್ಷಿಸಿದ ಕ್ರಿಸ್ ಗೋಲ್ಡ್‌ಫಿಂಗರ್ ಮತ್ತು ಸಂಗಡಿಗರು, ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಇಡೀ ತೀರವನ್ನು, ಅಥವಾ ಅದರ ಬಹುಭಾಗವನ್ನು ವ್ಯಾಪಿಸಿದ ೧೯ ಮಹಾಭೂಕಂಪಗಳಾಗಿವೆಯೆಂದೂ, ದಕ್ಷಿಣ ಭಾಗಕ್ಕೆ ಸೀಮಿತವಾದವನ್ನು ಸೇರಿಸಿದರೆ ಸಂಖ್ಯೆ ನಲವತ್ತನ್ನು ಮುಟ್ಟುವುದೆಂದೂ ೨೦೧೨ರಲ್ಲಿ ವರದಿಮಾಡಿದರು. ಸರಾಸರಿ ಅಂತರ ಐದು ನೂರು ವರ್ಷಗಳಷ್ಟಾದರೂ ಅಂತರಗಳು ಸಮನಾಗಿಲ್ಲ. ಆದಕಾರಣ ಮುನ್ನೂರು ವರ್ಷಗಳಷ್ಟೇ ಕಳೆದಿವೆಯೆಂದು ನಿಶ್ಚಿಂತರಾಗುವಂತಿಲ್ಲ.

೧೭೦೦ರದು ಒಂದೇ ಭೂಕಂಪವೇ ಎಂಬ ಪ್ರಶ್ನೆಯೂ ಎದ್ದಿದೆ. ಈಗಿರುವ ಸಾಕ್ಷ್ಯಗಳು ಒಂದೇ ಮಹಾಭೂಕಂಪಕ್ಕೆ ಹೊಂದುವಂತೆ, ಒಂದು ದೊಡ್ಡದೂ ಅದರ ಹಿಂದು ಮುಂದಿನ ಕೆಲವು ಸಣ್ಣವೂ ಸೇರಿದ ಸರಣಿಗೂ ಹೊಂದಬಹುದೆಂದು ಡಿಯೇಗೊ ಮೆಲ್ಗಾರ್ ೨೦೨೧ರಲ್ಲಿ ತೋರಿಸಿದನು. ಮಣ್ಣಿನ ಸ್ತರವು ಹಲವು ವರ್ಷಗಳನ್ನು ಒಂದೇ ಗೆರೆಯಾಗಿ ಅದುಮಿಡುವುದರಿಂದ ಈ ಸಂದೇಹ ನ್ಯಾಯವಾದುದು. ೨೦೨೧ರಲ್ಲಿ ಹಡಗಿನಿಂದ ಧ್ವನಿತರಂಗಗಳನ್ನು ಕಳುಹಿಸಿ ಸಮುದ್ರತಳದ ಒಳರಚನೆಯನ್ನು ಅಳೆದ ಸುಜಾನ್ ಕಾರ್ಬಾಟ್ ಮತ್ತು ಸಂಗಡಿಗರು, ಈ ಸ್ತರಭಂಗವು ಕನಿಷ್ಠ ನಾಲ್ಕು ಖಂಡಗಳಾಗಿ ವಿಭಾಗಗೊಂಡಿದೆಯೆಂದು ೨೦೨೪ರಲ್ಲಿ ಪ್ರಕಟಿಸಿದರು. ಖಂಡಗಳು ಬೇರೆ ಬೇರೆಯಾಗಿಯೂ ಕಳಚಬಹುದು, ಕೂಡಿಯೂ ಕಳಚಬಹುದು. ೨೦೨೫ರಲ್ಲಿ ಟೀನಾ ಡ್ಯೂರಾ ಮತ್ತು ಸಂಗಡಿಗರು, ಮುಂದಿನ ಮಹಾಭೂಕಂಪದಲ್ಲಿ ಕರಾವಳಿಯು ಅರ್ಧ ಮೀಟರಿನಿಂದ ಎರಡು ಮೀಟರಿನವರೆಗೆ ಕುಸಿಯಬಹುದೆಂದೂ, ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ನೆರೆಗೆ ಒಳಗಾಗುವ ನೆಲ ಅದರಿಂದ ಬಹಳ ಹೆಚ್ಚುವುದೆಂದೂ ತೋರಿಸಿದ್ದಾರೆ. ಎಂಟು ಅಥವಾ ಹೆಚ್ಚಿನ ಪ್ರಮಾಣದ ಭೂಕಂಪವು ಐವತ್ತು ವರ್ಷಗಳೊಳಗೆ ನಡೆಯುವ ಸಂಭವವನ್ನು ಅಮೆರಿಕದ ರಾಷ್ಟ್ರೀಯ ಅಂದಾಜು ಶೇಕಡಾ ೧೫ ಎಂದು ಎಣಿಸುತ್ತದೆ.

ಭೂಕಂಪದ ಪ್ರಮಾಣ ಒಂದೇ ಆದರೂ ನೆಲದ ನಡುಕ ಎಲ್ಲೆಡೆಯೂ ಒಂದೇ ಅಲ್ಲ. ಗಟ್ಟಿ ಬಂಡೆಯ ಮೇಲೆ ನಡುಕ ಕಡಿಮೆ. ಮೆತ್ತನೆಯ ಮೆಕ್ಕಲಿನ ಮೇಲೆ ಹೆಚ್ಚು. ೧೯೮೫ರಲ್ಲಿ ಮೂನ್ನೂರೈವತ್ತು ಕಿಲೋಮೀಟರಿಗೂ ದೂರದಲ್ಲಿ ಹುಟ್ಟಿದ ಭೂಕಂಪದಿಂದ ಮೆಕ್ಸಿಕೊ ನಗರದಲ್ಲಿ ಹಾನಿಯಾದದ್ದು ಮುಖ್ಯವಾಗಿ ಹಳೆಯ ಸರೋವರದ ಹೂಳಿನ ಮೇಲೆ ಕಟ್ಟಿದ ಭಾಗದಲ್ಲಿ. ಸಿಯಾಟಲ್ ನಗರವೂ ಹಲವು ಕಿಲೋಮೀಟರು ಆಳದ ಮೆಕ್ಕಲಿನ ಬೋಗುಣಿಯ ಮೇಲೆ ನಿಂತಿದೆ. ಬೋಗುಣಿಯಲ್ಲಿ ಸಿಕ್ಕಿದ ನಿಧಾನವಾದ ತರಂಗಗಳು ಅಲ್ಲಿಯೇ ಹೊಯ್ದಾಡಿ, ಎತ್ತರದ ಕಟ್ಟಡಗಳನ್ನು ಹೆಚ್ಚಾಗಿ ತೂಗಿಸುತ್ತವೆ. ೨೦೦೧ರ ಫೆಬ್ರವರಿ ೨೮ರಂದು ಆ ಪ್ರದೇಶದಲ್ಲಾದ ೬.೮ ಪ್ರಮಾಣದ ಭೂಕಂಪದ ಪ್ರಬಲ ನಡುಕ ಒಂದು ನಿಮಿಷವನ್ನೂ ಮುಟ್ಟಲಿಲ್ಲ. ಕ್ಯಾಸ್ಕೇಡಿಯಾದ ಮಹಾಭೂಕಂಪದಲ್ಲಿ ಅದು ಹಲವು ನಿಮಿಷಗಳ ಕಾಲ ನಡೆಯಬಹುದು. ಒಂದು ನಡುಕವನ್ನು ತಾಳಿದ ಕಟ್ಟಡ ಇನ್ನೊಂದನ್ನೂ ತಾಳುವುದೆಂದು ಹೇಳಲಾಗದು.

೬

ಈ ಜ್ಞಾನದಿಂದ ಫಲವೇನಾಯಿತೆಂದು ಕೇಳುವುದು ಉಚಿತ. ವಾಷಿಂಗ್ಟನ್ ಮತ್ತು ಒರೆಗಾನ್ ರಾಜ್ಯಗಳ ಕಟ್ಟಡ ನಿಯಮಗಳು ಬಿಗಿಯಾದವು. ಕಡಲಂಚಿನ ವೆಸ್ಟ್‌ಪೋರ್ಟ್ ಎಂಬಲ್ಲಿ, ಸುನಾಮಿ ಬಂದಾಗ ಮಕ್ಕಳೂ ಊರಿನವರೂ ಮೇಲೇರಿ ನಿಲ್ಲುವಂಥ ಭದ್ರವಾದ ಮಾಳಿಗೆಯುಳ್ಳ ಶಾಲೆಯನ್ನು ೨೦೧೬ರಲ್ಲಿ ಕಟ್ಟಿದರು. ಉತ್ತರ ಅಮೆರಿಕದಲ್ಲಿ ಈ ಬಗೆಯದು ಅದೇ ಮೊದಲು. ನಡುಕ ಬರುವುದಕ್ಕೆ ಕೆಲವು ಕ್ಷಣಗಳ ಮುಂಚೆ ಸೂಚನೆ ಕೊಡುವ ವ್ಯವಸ್ಥೆಯು ೨೦೨೧ರಿಂದ ಈ ಎರಡು ರಾಜ್ಯಗಳ ಜನರಿಗೆ ದೊರೆತಿದೆ. ಹೀಗಿದ್ದರೂ ಹೊಸ ತಿಳಿವಳಿಕೆಗೆ ಮುಂಚೆ ಕಟ್ಟಿದ ಇಟ್ಟಿಗೆಯ ಕಟ್ಟಡಗಳು ಸಿಯಾಟಲಿನಲ್ಲಿ ಸಾವಿರಕ್ಕೆ ಕಡಿಮೆಯಿಲ್ಲ. ದಾಖಲೆಯ ಮೌನವನ್ನು ನೆಲದ ಮೌನವೆಂದು ಎಣಿಸಿದ ಕಾಲದ ಋಣವು ಇನ್ನೂ ತೀರಿಲ್ಲ. ಆ ನಗರದಲ್ಲಿ ಇಂದು ಕನ್ನಡ ಕುಟುಂಬಗಳೂ ನೆಲೆಸಿರುವುದರಿಂದ ಈ ಸಂಗತಿ ನಮಗೆ ಕೇವಲ ಪರದೇಶದ ವಾರ್ತೆಯೂ ಅಲ್ಲ.

ಸಮೀಪದ ಪಾಠವೊಂದೂ ನಮಗಿದೆ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ಕರ್ನಾಟಕದ ಗಡಿಗೆ ದೂರವಲ್ಲದ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಮಲಗಿದಲ್ಲಿಯೇ ಮಡಿದರು. ಅದರ ಪ್ರಮಾಣ ಸುಮಾರು ೬.೨; ಕ್ಯಾಸ್ಕೇಡಿಯಾದ ಭೂಕಂಪದೊಡನೆ ಹೋಲಿಸಲಾಗದಷ್ಟು ಕಿರಿದು. ಅದರ ಕಾರಣವೂ ಬೇರೆ. ಅಲ್ಲಿ ಫಲಕಗಳ ಅಂಚಿಲ್ಲ. ಆದರೆ ದಖ್ಖನಿನ ನೆಲ ಅಚಲವೆಂಬ ನಂಬಿಕೆಯ ಮೇಲೆ, ಭಾರವಾದ ಕಲ್ಲು ಮಣ್ಣಿನ ಗೋಡೆಗಳು ಅಲ್ಲಿ ನಿಂತಿದ್ದುವು.

ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಭೂವಿಜ್ಞಾನಿಗಳಾಗಬೇಕಾಗಿಲ್ಲ. ಶಾಸನಗಳಲ್ಲಿ, ಕಡತಗಳಲ್ಲಿ, ದೇವಾಲಯಗಳ ಜೀರ್ಣೋದ್ಧಾರದ ಲೆಕ್ಕಗಳಲ್ಲಿ, ಹಳ್ಳಿಯ ಹಿರಿಯರ ಮಾತಿನಲ್ಲಿ ನೆಲ ನಡುಗಿದ ಅಥವಾ ನೀರು ಏರಿದ ಪ್ರಸ್ತಾಪ ಕಂಡರೆ, ರಾಜಕೀಯ ಚರಿತ್ರೆಗೆ ಉಪಯೋಗವಿಲ್ಲವೆಂದು ಬಿಡದೆ ತಿಥಿಸಹಿತವಾಗಿ ಬರೆದುಕೊಳ್ಳಬಹುದು. ಪ್ರಸ್ತಾಪ ಕಾಣದಿದ್ದರೆ, ಆ ಊರಿನ ದಾಖಲೆ ಯಾವ ವರ್ಷದಿಂದ ಆರಂಭವಾಗುತ್ತದೆಂಬುದನ್ನು ಮೊದಲು ವಿಚಾರಿಸಬೇಕು. ಮಿಹೋ ಗ್ರಾಮದ ಮುಖ್ಯಸ್ಥನಿಗೆ ತಾನು ಕಂಡ ನೀರು ಎಲ್ಲಿಂದ ಬಂದಿತೆಂಬುದು ತಿಳಿದಿರಲಿಲ್ಲ. ತಿಳಿಯದೆಂದು ಬಿಡದೆ, ಕಂಡದ್ದನ್ನು ಕಂಡಂತೆ ಬರೆದನು. ಸಾಗರದ ಆಚೆಯ ಇಂದಿನ ಶಾಲಾಮಕ್ಕಳ ರಕ್ಷಣೆಗೆ ಆ ಬರಹವೂ ಒಂದು ಆಧಾರವಾಗಿದೆ.